ನೋಡುಗರಿಗೆ ಯಾವಾಗ ಏನು ತಿಳಿಯಬೇಕು?

ಚಿತ್ರನಿರ್ದೇಶನದ ಕಸುಬನ್ನು ಕುರಿತು ಓದುಗರ ಪ್ರಶ್ನೆಗಳು, ನಿರ್ದೇಶಕರ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಪತ್ರಗಳು ಯಾವ ಕ್ಯಾಮೆರಾ ಕೊಳ್ಳಬೇಕು, ಯಾವ ಲೆನ್ಸ್ ಒಳ್ಳೆಯದು ಎಂದು ಕೇಳಿವೆ. ಅಂಥ ಪ್ರಶ್ನೆಗಳಿಗೆ ಇಂದು ಕೊಟ್ಟ ಉತ್ತರ ಮುಂದಿನ ವರ್ಷಕ್ಕೆ ಹಳತಾಗುತ್ತದೆ. ಎಷ್ಟು ವರ್ಷ ಕಳೆದರೂ ನಿರ್ದೇಶಕನಾದವನು ಬೆಳಿಗ್ಗೆ ಸೆಟ್ಟಿಗೆ ಹೋಗುವಾಗ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಆಲ್‌ಫ್ರೆಡ್ ಹಿಚ್‌ಕಾಕ್ ಹೇಳಿದ ‘ಮೇಜಿನ ಕೆಳಗಿನ ಬಾಂಬು’ ಎಂಬ ಉದಾಹರಣೆಯನ್ನು ನಮ್ಮ ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ನಾನು ಬರೆಯುತ್ತಿರುವುದು ತಾಯಿ ಮಗಳ ಕಥೆ. ಅದರಲ್ಲಿ ಕೊಲೆಯೂ ಇಲ್ಲ, ಬಾಂಬೂ ಇಲ್ಲ. ಅಂಥ ಕಥೆಗೆ ಈ ಪಾಠದಿಂದ ಏನಾದರೂ ಪ್ರಯೋಜನವಿದೆಯೇ?
(ಚಲನಚಿತ್ರ ವಿದ್ಯಾರ್ಥಿನಿ)

ಉತ್ತರ: ಖಂಡಿತ ಇದೆ. ಆ ಪಾಠ ಕೊಲೆಯ ಕಥೆಗಳಿಗಿಂತ ನಿಮ್ಮ ಕಥೆಯಂಥ ಕಥೆಗಳಿಗೇ ಹೆಚ್ಚು ಒದಗಿಬರುತ್ತದೆ ಎಂದು ನಾನು ನಂಬಿದ್ದೇನೆ. ಇದನ್ನು ಕೇಳಿರದ ಓದುಗರಿಗಾಗಿ ಮೊದಲು ಹಿನ್ನೆಲೆಯನ್ನು ಹೇಳುತ್ತೇನೆ. 1962ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಯುವ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಹಾಲಿವುಡ್‌ಗೆ ಹೋಗಿ, ಯೂನಿವರ್ಸಲ್ ಸ್ಟುಡಿಯೊದಲ್ಲಿದ್ದ ಹಿಚ್‌ಕಾಕ್ ಅವರ ಕಚೇರಿಯಲ್ಲಿ ಸುಮಾರು ಒಂದು ವಾರ ಅವರೆದುರು ಕುಳಿತು, ಅವರ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಎತ್ತಿಕೊಂಡು ಪ್ರಶ್ನೆ ಕೇಳಿದರು. ಕೇಳಿದವರಿಗೆ ಆಗ 30 ವರ್ಷ, ಉತ್ತರಿಸಿದವರಿಗೆ 63. ಒಬ್ಬರದು ಫ್ರೆಂಚ್, ಇನ್ನೊಬ್ಬರದು ಇಂಗ್ಲಿಷ್. ನಡುವೆ ಹೆಲೆನ್ ಸ್ಕಾಟ್ ಎಂಬ ಮಹಿಳೆ ಕುಳಿತು ಇಬ್ಬರ ಮಾತನ್ನೂ ಅನುವಾದಿಸಿದರು. ಆ ಮಾತುಕತೆ 1966ರಲ್ಲಿ ಪುಸ್ತಕವಾಗಿ ಬಂತು. ನನ್ನನ್ನು ಈ ಕಸುಬಿಗೆ ಎಳೆದು ತಂದದ್ದು ಆ ಪುಸ್ತಕ. ಪ್ರಸಿದ್ಧಿಯ ಮಾತು, ಸ್ಪೂರ್ತಿಯ ಮಾತು ಅದರಲ್ಲಿ ಕಡಿಮೆ; ಇಬ್ಬರು ಬಡಗಿಗಳು ಕೀಲು ಕೂಡಿಸುವ ಬಗೆಯನ್ನು ಮಾತಾಡಿಕೊಂಡಂತೆ ಅವರು ಶಾಟುಗಳ ಬಗ್ಗೆ ಮಾತಾಡುತ್ತಾರೆ.

ಬಾಂಬಿನ ಉದಾಹರಣೆ ಅಲ್ಲಿಯದೇ. ಇಬ್ಬರು ಮೇಜಿನ ಮುಂದೆ ಕುಳಿತು ಏನೋ ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಮೇಜಿನ ಕೆಳಗಿದ್ದ ಬಾಂಬು ಸಿಡಿಯುತ್ತದೆ ಎಂದಾದರೆ ನೋಡುಗರಿಗೆ ಸಿಗುವುದು ಹದಿನೈದು ಸೆಕೆಂಡುಗಳ ಬೆಚ್ಚು. ಬಾಂಬು ಇಟ್ಟದ್ದನ್ನೂ, ಅದು ಎಷ್ಟು ಹೊತ್ತಿಗೆ ಸಿಡಿಯುತ್ತದೆ ಎಂಬುದನ್ನೂ ನೋಡುಗರಿಗೆ ಮೊದಲೇ ತೋರಿಸಿ, ಗೋಡೆಯಲ್ಲಿ ಒಂದು ಗಡಿಯಾರವನ್ನು ಇಟ್ಟರೆ ಅದೇ ಹರಟೆ ಹದಿನೈದು ನಿಮಿಷಗಳ ತಳಮಳವಾಗುತ್ತದೆ. ಹರಟೆಯ ಒಂದು ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ನೋಡುವವರ ತಿಳಿವಳಿಕೆ ಮಾತ್ರ.

ಈಗ ನಿಮ್ಮ ತಾಯಿ ಮಗಳ ಕಡೆಗೆ ಬನ್ನಿ. ಮಗಳು ಅಂದು ಕೆಲಸ ಕಳೆದುಕೊಂಡಿದ್ದಾಳೆ ಎಂದಿಟ್ಟುಕೊಳ್ಳೋಣ. ಸಂಜೆ ಮನೆಗೆ ಬರುತ್ತಾಳೆ. ತಾಯಿ ಕಣ್ಣಿನ ವೈದ್ಯರ ಬಳಿ ಹೋಗಿ ಬಂದಿದ್ದಾಳೆ, ಹೊಸ ಕನ್ನಡಕ ಮಾಡಿಸಬೇಕಾಗಿದೆ. ‘ಅವಸರವೇನಿಲ್ಲ, ನಿನ್ನ ಸಂಬಳ ಬಂದ ಮೇಲೆ ನೋಡಿದರಾಯಿತು’ ಎನ್ನುತ್ತಾಳೆ. ದೃಶ್ಯದ ಕೊನೆಯಲ್ಲಿ ಮಗಳು ಅಳುತ್ತಾ ವಿಷಯ ಹೇಳುತ್ತಾಳೆ ಎಂದು ನೀವು ಬರೆದರೆ, ಅಲ್ಲಿಯವರೆಗಿನ ಮಾತೆಲ್ಲ ನೋಡುಗರಿಗೆ ಬರಿಯ ಮನೆಮಾತಾಗಿ ಕೇಳಿಸಿ, ಅಳು ಬಂದಾಗ ಒಮ್ಮೆ ಅಯ್ಯೋ ಎನಿಸಿ ಮುಗಿಯುತ್ತದೆ. ಅದರ ಬದಲು ದೃಶ್ಯಕ್ಕೆ ಮೊದಲು, ಕಚೇರಿಯ ಮೇಜಿನ ಖಾನೆಯಿಂದ ಅವಳು ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಳ್ಳುವ ಒಂದೇ ಒಂದು ಶಾಟನ್ನು ಇಡಿ. ಆಗ ‘ಸಂಬಳ ಬಂದ ಮೇಲೆ’ ಎಂಬ ಸಾಮಾನ್ಯ ಮಾತು ಚುಚ್ಚುತ್ತದೆ. ಮಗಳು ನಕ್ಕು ‘ಆಗಲಿ ಅಮ್ಮ’ ಎಂದಾಗ ಆ ನಗು ಅವಳಿಗೆ ಎಷ್ಟು ಭಾರವಾಗಿದೆ ಎಂಬುದು ನೋಡುವವರಿಗೆ ಗೊತ್ತಿರುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮಗಳು ಬಾಗಿಲು ತೆರೆಯುವ ಮೊದಲೇ ಯಾರೋ ಫೋನು ಮಾಡಿ ತಾಯಿಗೆ ವಿಷಯ ತಿಳಿಸಿದ್ದಾರೆ. ತಾಯಿ ವೈದ್ಯರ ಚೀಟಿಯನ್ನು ಎರಡು ಮಡಿಕೆ ಮಾಡಿ, ಮೇಜಿನ ಮೇಲಿದ್ದ ಪತ್ರಿಕೆಯ ಕೆಳಗೆ ತಳ್ಳುತ್ತಾಳೆ. ಒಂದು ಅಂಚು ಹೊರಗೆ ಕಾಣುತ್ತಿದೆ ಎಂದು ಬೆರಳ ತುದಿಯಿಂದ ಅದನ್ನೂ ಒಳಗೆ ಸರಿಸುತ್ತಾಳೆ. ಮಗಳು ಒಳಗೆ ಬಂದು ‘ಡಾಕ್ಟರು ಏನೆಂದರು?’ ಎಂದು ಕೇಳುತ್ತಾಳೆ. ‘ಕಣ್ಣು ಚೆನ್ನಾಗಿದೆಯಂತೆ’ ಎನ್ನುತ್ತಾಳೆ ತಾಯಿ. ಈಗ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಡುತ್ತಿದ್ದಾರೆ, ತಾಯಿಗೆ ಎಲ್ಲ ಗೊತ್ತಿದೆ ಎಂಬುದು ಮಗಳಿಗೆ ಗೊತ್ತಿಲ್ಲ, ನೋಡುಗರಿಗೆ ಗೊತ್ತು. ಪತ್ರಿಕೆಯನ್ನು ಮಗಳು ಎತ್ತಿಕೊಳ್ಳಲು ಕೈಚಾಚಿದರೆ ಸಾಕು, ಚಿತ್ರಮಂದಿರ ಉಸಿರು ಹಿಡಿಯುತ್ತದೆ. ನಿಮ್ಮ ಕಥೆಯ ಬಾಂಬು ಆ ಚೀಟಿ.

ಆದ್ದರಿಂದ ಚಿತ್ರಕಥೆ ಬರೆಯುವಾಗ ಪ್ರತಿ ದೃಶ್ಯದ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಇಟ್ಟುಕೊಳ್ಳಿ: ಈ ಹೊತ್ತಿಗೆ ತಾಯಿಗೆ ಏನು ಗೊತ್ತು, ಮಗಳಿಗೆ ಏನು ಗೊತ್ತು, ನೋಡುಗರಿಗೆ ಏನು ಗೊತ್ತು. ಮೂರೂ ಒಂದೇ ಆಗಿದ್ದರೆ ಆ ದೃಶ್ಯ ಸಪ್ಪೆಯಾಗುವ ಸಂಭವ ಹೆಚ್ಚು. ಎಲ್ಲವನ್ನೂ ಮೊದಲೇ ಹೇಳಿಬಿಡಬೇಕು ಎಂದು ಇದರ ಅರ್ಥವಲ್ಲ. ಕಥೆಯ ತಿರುವೇ ಕೊನೆಯ ಅಚ್ಚರಿಯಲ್ಲಿದ್ದರೆ ಅದನ್ನು ಬಚ್ಚಿಡಬೇಕು ಎಂದು ಹಿಚ್‌ಕಾಕ್ ಕೂಡ ಒಪ್ಪಿದ್ದರು. ಬಚ್ಚಿಟ್ಟದ್ದಕ್ಕೆ ಕಾರಣ ಬೇಕು, ಅಷ್ಟೆ. ಕಾರಣವಿಲ್ಲದೆ ಬಚ್ಚಿಡುವುದೇ ಹೊಸಬರ ಚಿತ್ರಗಳಲ್ಲಿ ನಾನು ಅತಿ ಹೆಚ್ಚು ಕಾಣುವ ದೋಷ.

ಪ್ರಶ್ನೆ: ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನು ನೀವು ಹೇಗೆ ನಿರ್ಧರಿಸುತ್ತೀರಿ? ಸೆಟ್ಟಿನಲ್ಲಿ ನಿಂತಾಗ ನನಗೆ ಎಲ್ಲ ಕಡೆಯಿಂದಲೂ ಚೆನ್ನಾಗಿಯೇ ಕಾಣುತ್ತದೆ. ಕೊನೆಗೆ ಛಾಯಾಗ್ರಾಹಕರು ಹೇಳಿದ ಜಾಗದಲ್ಲಿ ಇಟ್ಟುಬಿಡುತ್ತೇನೆ.
(ಮೊದಲ ಕಿರುಚಿತ್ರ ಮುಗಿಸಿದ ಯುವಕ)

ಉತ್ತರ: ಎಲ್ಲ ಕಡೆಯಿಂದಲೂ ಚೆನ್ನಾಗಿ ಕಾಣುತ್ತದೆ ಎಂದರೆ ಆ ದೃಶ್ಯ ಯಾರದು ಎಂಬುದನ್ನು ನೀವಿನ್ನೂ ತೀರ್ಮಾನಿಸಿಲ್ಲ. ಮೇಲಿನ ತಾಯಿ ಮಗಳ ದೃಶ್ಯವನ್ನೇ ತೆಗೆದುಕೊಳ್ಳಿ. ಅದು ತಾಯಿಯ ದೃಶ್ಯವಾದರೆ ಕ್ಯಾಮೆರಾ ಮೇಜಿನ ಈಚೆ, ಪತ್ರಿಕೆಯ ಬಳಿ ಇರಬೇಕು. ಮಗಳು ದೂರದ ಬಾಗಿಲಿನಿಂದ ನಮ್ಮ ಕಡೆಗೆ ಬರುತ್ತಾಳೆ, ಅವಳು ಹತ್ತಿರವಾದಷ್ಟೂ ಚೀಟಿಗೆ ಅಪಾಯ. ಮಗಳ ದೃಶ್ಯವಾದರೆ ನಾವು ಅವಳ ಹೆಗಲ ಹಿಂದಿನಿಂದ ಒಳಗೆ ಹೋಗುತ್ತೇವೆ. ಕೈಕಟ್ಟಿ ಕುಳಿತ ತಾಯಿ ಕಾಣುತ್ತಾಳೆ, ಚೀಟಿ ಕಾಣುವುದೇ ಇಲ್ಲ. ಯಾರ ದೃಶ್ಯ ಎಂಬುದು ಗಟ್ಟಿಯಾದ ಮೇಲೆ ಉಳಿಯುವ ಜಾಗಗಳು ಎರಡೋ ಮೂರೋ. ಅವುಗಳಲ್ಲಿ ಆರಿಸಿಕೊಳ್ಳಲು ಛಾಯಾಗ್ರಾಹಕರ ಅನುಭವ ನಿಮಗೆ ಬೇಕೇ ಬೇಕು.

ಕ್ಯಾಮೆರಾದ ಎತ್ತರ, ಲೆನ್ಸಿನ ಆಯ್ಕೆ ಇವೂ ಕಥೆ ಹೇಳುವ ಸಾಧನಗಳೇ. ಸಿಡ್ನಿ ಲುಮೆಟ್ 1957ರಲ್ಲಿ ‘12 ಆಂಗ್ರಿ ಮೆನ್’ ಚಿತ್ರವನ್ನು ತೆಗೆದಾಗ ಬಹುತೇಕ ಇಡೀ ಕಥೆ ಒಂದೇ ಕೋಣೆಯಲ್ಲಿ ನಡೆಯಬೇಕಾಗಿತ್ತು. ಕೊಲೆ ಆರೋಪ ಹೊತ್ತ ಹುಡುಗನೊಬ್ಬನ ಬಗ್ಗೆ ಹನ್ನೆರಡು ಮಂದಿ ತೀರ್ಪುಗಾರರು ಬಾಗಿಲು ಹಾಕಿಕೊಂಡು ವಾದಿಸುತ್ತಾರೆ, ಅಷ್ಟೇ ಕಥೆ. ಇದು ಚಿತ್ರಕ್ಕೆ ತೊಡಕಾಗುತ್ತದೆ ಎಂದು ಹೆದರುವ ಬದಲು ಲುಮೆಟ್ ಕೋಣೆಯನ್ನು ಇನ್ನಷ್ಟು ಕಿರಿದಾಗಿಸುವ ದಾರಿ ಹುಡುಕಿದರು. ಚಿತ್ರದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟರು, ಎರಡನೆಯ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಸಿದರು, ಕೊನೆಯ ಭಾಗದಲ್ಲಿ ಅದಕ್ಕಿಂತಲೂ ಕೆಳಗೆ ತಂದರು. ಕೊನೆಕೊನೆಗೆ ತಲೆಗಳ ಮೇಲೆ ಚಾವಣಿ ಕಾಣತೊಡಗುತ್ತದೆ. ಜೊತೆಗೆ ಲೆನ್ಸುಗಳನ್ನೂ ಮೆಲ್ಲಮೆಲ್ಲನೆ ಉದ್ದದವಾಗಿ ಬದಲಿಸಿದ್ದರಿಂದ ಹಿಂದಿನ ಗೋಡೆ ಮುಖಗಳ ಹತ್ತಿರಕ್ಕೆ ಸರಿದಂತೆ ಕಾಣುತ್ತದೆ. ನೋಡುವವರಿಗೆ ಇದಾವುದೂ ಗೊತ್ತಾಗುವುದಿಲ್ಲ. ಕೋಣೆಯಲ್ಲಿ ಗಾಳಿ ಕಡಿಮೆಯಾದಂತೆ ಅನಿಸುತ್ತದೆ. ಚಿತ್ರದ ಕೊನೆಯಲ್ಲಿ ಹೊರಗಿನ ಮೆಟ್ಟಿಲುಗಳನ್ನು ಅಗಲ ಲೆನ್ಸಿನಲ್ಲಿ, ಎತ್ತರದಿಂದ ತೋರಿಸಿದಾಗ ನಾವೂ ಹೊರಬಂದು ಉಸಿರಾಡುತ್ತೇವೆ.

ಇದಕ್ಕೆ ಪೂರಾ ಬೇರೆಯಾದ ದಾರಿಯೂ ಇದೆ. ಜಪಾನಿನ ಯಾಸುಜಿರೊ ಓಜು ತಮ್ಮ ಕೊನೆಯ ದಶಕಗಳ ಚಿತ್ರಗಳಲ್ಲಿ ಹೆಚ್ಚುಕಡಿಮೆ 50 ಎಂಎಂ ಲೆನ್ಸ್ ಒಂದನ್ನೇ ಬಳಸಿದರು, ಕ್ಯಾಮೆರಾವನ್ನು ನೆಲಕ್ಕೆ ಹತ್ತಿರವಾಗಿ ಇಟ್ಟರು, ಅದನ್ನು ಅಲುಗಿಸಿದ್ದೇ ಅಪರೂಪ. ಕ್ಯಾಮೆರಾ ಅಷ್ಟು ಸ್ಥಿರವಾಗಿರುವುದರಿಂದಲೇ ಅವರ ಚಿತ್ರಗಳಲ್ಲಿ ಒಬ್ಬರು ಎದ್ದು ಹೋದರೆ ಅವರು ಬಿಟ್ಟುಹೋದ ಜಾಗ ಕಣ್ಣಿಗೆ ಹೊಡೆದು ಕಾಣುತ್ತದೆ. ಲುಮೆಟ್ ಬದಲಿಸುತ್ತಾ ಹೋದರು, ಓಜು ಬದಲಿಸದೆ ಉಳಿದರು. ನೋಡುಗರ ಮನಸ್ಸಿನ ಮೇಲೆ ಏನಾಗಬೇಕು ಎಂಬುದು ಇಬ್ಬರಿಗೂ ಸ್ಪಷ್ಟವಾಗಿತ್ತು. ನೀವು ಮೊದಲು ಅದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ, ಆಮೇಲೆ ಛಾಯಾಗ್ರಾಹಕರ ಬಳಿ ಹೋಗಿ.

ಪ್ರಶ್ನೆ: ಕಟ್ ಇಲ್ಲದ ಉದ್ದನೆಯ ಶಾಟ್ ತೆಗೆಯುವವರೇ ನಿಜವಾದ ನಿರ್ದೇಶಕರು ಎಂದು ನನ್ನ ಗೆಳೆಯರು ವಾದಿಸುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಒಪ್ಪುವುದಿಲ್ಲ. ಇದಕ್ಕೂ ಆ 1962ರ ಮಾತುಕತೆಯಲ್ಲೇ ಒಂದು ಉತ್ತರವಿದೆ. 1948ರಲ್ಲಿ ಹಿಚ್‌ಕಾಕ್ ‘ರೋಪ್’ ಎಂಬ ಚಿತ್ರವನ್ನು ಆದಷ್ಟೂ ಕಟ್ ಇಲ್ಲದಂತೆ ಕಾಣುವ ಹಾಗೆ ತೆಗೆದರು. 35 ಎಂಎಂ ಫಿಲ್ಮಿನ 1000 ಅಡಿಯ ಸುರುಳಿ, ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಆದ್ದರಿಂದ ಒಂದೊಂದು ಶಾಟ್ ಹತ್ತು ನಿಮಿಷದವರೆಗೆ ಹೋಯಿತು. ಕ್ಯಾಮೆರಾ ಸಾಗುವ ದಾರಿಗೆ ಅಡ್ಡ ಬಂದ ಗೋಡೆಗಳನ್ನು ಶಾಟ್ ನಡೆಯುತ್ತಿರುವಾಗಲೇ ಸದ್ದಿಲ್ಲದೆ ಸರಿಸಿದರು. ಇಷ್ಟೆಲ್ಲ ಮಾಡಿದವರೇ ಹದಿನಾಲ್ಕು ವರ್ಷಗಳ ಬಳಿಕ ತ್ರೂಫೋ ಅವರ ಮುಂದೆ, ಅದು ಅರ್ಥವಿಲ್ಲದ ಪ್ರಯೋಗವಾಗಿತ್ತು, ಸಂಕಲನದ ಬಗ್ಗೆ ತಾನು ನಂಬಿದ್ದಕ್ಕೇ ವಿರುದ್ಧವಾಗಿ ನಡೆದಂತಾಯಿತು ಎಂಬರ್ಥದಲ್ಲಿ ಹೇಳಿಕೊಂಡರು. ತಮ್ಮ ಕೆಲಸದ ಬಗ್ಗೆ ಹಾಗೆ ಮಾತಾಡಬಲ್ಲ ಪ್ರಾಮಾಣಿಕತೆ ದೊಡ್ಡದು.

ಅದೇ ಹಿಚ್‌ಕಾಕ್ 1960ರ ‘ಸೈಕೋ’ ಚಿತ್ರದ ಸ್ನಾನದ ಕೋಣೆಯ ಕೊಲೆಗೆ ಏಳು ದಿನ ತೆಗೆದುಕೊಂಡು, ಕ್ಯಾಮೆರಾವನ್ನು 70 ಬಗೆಯಲ್ಲಿ ಇಟ್ಟು ಚಿತ್ರೀಕರಿಸಿದ್ದನ್ನು ತೆರೆಯ ಮೇಲೆ 45 ಸೆಕೆಂಡಿಗೆ ಇಳಿಸಿದರು. ಅಲ್ಲಿ ಕಟ್‌ಗಳೇ ಇರಿತಗಳು. ಉದ್ದನೆಯ ಶಾಟ್ ಬೇಕಾಗುವುದು ಕಾಲ ಕಳೆಯುವುದನ್ನೇ ನೋಡುಗರು ಅನುಭವಿಸಬೇಕಾದಾಗ: ಒಬ್ಬರು ಬಾಗಿಲು ತಟ್ಟಿ ಕಾಯುತ್ತಿದ್ದಾರೆ, ಒಳಗಿನಿಂದ ಉತ್ತರ ಬರುತ್ತಿಲ್ಲ. ಅಲ್ಲಿ ಕಟ್ ಮಾಡಿದರೆ ಕಾಯುವಿಕೆ ಸತ್ತುಹೋಗುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಸುರುಳಿ ಮುಗಿಯುವ ಭಯವಿಲ್ಲ, ಆ ಕಾರಣಕ್ಕೇ ಎಲ್ಲಿ ನಿಲ್ಲಿಸಬೇಕೆಂಬ ಶಿಸ್ತನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ಪ್ರಶ್ನೆ: ನಟರಿಗೆ ನಿರ್ದೇಶಕರು ನಟಿಸಿ ತೋರಿಸುವುದು ಸರಿಯೇ? ನಾನು ರಂಗಭೂಮಿಯಿಂದ ಬಂದವನು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ನನಗೆ ಸುಲಭ.

ಉತ್ತರ: ನನಗೂ ಸುಲಭವಾಗಿತ್ತು, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತಿದ್ದೇನೆ. ನನ್ನ ಎರಡನೆಯ ಚಿತ್ರದಲ್ಲಿ, ನನಗಿಂತ ಎರಡು ಪಟ್ಟು ವಯಸ್ಸಿನ ನಟರೊಬ್ಬರಿಗೆ ಮಗನ ಸಾವಿನ ಸುದ್ದಿ ಕೇಳಿ ಗೋಡೆಗೆ ಒರಗುವುದು ಹೇಗೆಂದು ನಾನೇ ಒರಗಿ ತೋರಿಸಿದೆ. ಅವರು ಸಜ್ಜನರು, ನಾನು ತೋರಿಸಿದ್ದನ್ನು ಒಂದು ಕೂದಲೆಳೆಯೂ ತಪ್ಪದಂತೆ ಮಾಡಿದರು. ಸೆಟ್ಟಿನಲ್ಲಿ ಎಲ್ಲರೂ ಮೆಚ್ಚಿದರು. ಸಂಕಲನದ ಕೋಣೆಯಲ್ಲಿ ಆ ಶಾಟ್ ನೋಡಿದಾಗ ತೆರೆಯ ಮೇಲೆ ಕಂಡದ್ದು ನಾನು: ನನ್ನ ಹೆಗಲು, ನನ್ನ ಕೈ, ನನ್ನ ಅವಸರ. ಅರವತ್ತು ವರ್ಷ ಬದುಕಿದ ಒಬ್ಬ ಮನುಷ್ಯ ತನ್ನೊಳಗಿಂದ ತರಬಹುದಾಗಿದ್ದ ಯಾವುದೋ ಒಂದನ್ನು ನಾನು ಬಾಗಿಲಲ್ಲೇ ತಡೆದುಬಿಟ್ಟಿದ್ದೆ. ಆ ಶಾಟ್ ಇಂದಿಗೂ ಚಿತ್ರದಲ್ಲಿದೆ, ನಾನು ಇಂದಿಗೂ ಅದನ್ನು ನೋಡಲಾರೆ.

ಅಂದಿನಿಂದ ನಾನು ನಟರಿಗೆ ಭಾವವನ್ನು ಹೇಳುವುದನ್ನು ಬಿಟ್ಟು ಕೆಲಸವನ್ನು ಹೇಳತೊಡಗಿದೆ. ‘ದುಃಖವನ್ನು ಅದುಮಿಕೊಂಡು ಮಾತಾಡಿ’ ಎಂದರೆ ನಟಿಗೆ ಏನು ಮಾಡಬೇಕೆಂದು ತೋಚದೆ ಗಂಟಲನ್ನು ಬಿಗಿ ಹಿಡಿಯುತ್ತಾರೆ. ‘ಚೀಟಿಯನ್ನು ಮಗಳಿಗೆ ಕಾಣದಂತೆ ಇಡಿ, ಅವಳು ಬಾಗಿಲಿಗೆ ಬರುವ ಮೊದಲು ಮುಗಿಸಿ’ ಎಂದರೆ ಅವರ ಗಮನವೆಲ್ಲ ಚೀಟಿಯ ಮೇಲೆ ಇರುತ್ತದೆ, ಮುಖ ತನ್ನ ಪಾಡಿಗೆ ತಾನು ನಿಜವಾಗುತ್ತದೆ. ಮುಖದ ಮೇಲೆ ನಾವು ಓದುವ ಭಾವದಲ್ಲಿ ಅರ್ಧ ಪಾಲು ನಾವೇ ತುಂಬಿಕೊಂಡದ್ದು ಎಂಬುದನ್ನು ಸುಮಾರು ನೂರು ವರ್ಷಗಳ ಹಿಂದೆಯೇ ರಷ್ಯಾದ ಲೆವ್ ಕುಲೆಶೋವ್ ತೋರಿಸಿಕೊಟ್ಟಿದ್ದರು. ಒಬ್ಬ ನಟನ ಒಂದೇ ನಿರ್ವಿಕಾರ ಮುಖವನ್ನು ಅವರು ಒಮ್ಮೆ ಸೂಪಿನ ಬಟ್ಟಲಿಗೆ, ಇನ್ನೊಮ್ಮೆ ಶವಪೆಟ್ಟಿಗೆಯಲ್ಲಿದ್ದ ಮಗುವಿಗೆ, ಮತ್ತೊಮ್ಮೆ ಒಬ್ಬ ಹೆಣ್ಣಿಗೆ ಅಂಟಿಸಿದರು; ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಮೋಹವನ್ನೂ ಕಂಡರಂತೆ. ಹಿಂದಿನ ಶಾಟ್ ಸರಿಯಾಗಿದ್ದರೆ ನಟರು ಮಾಡಬೇಕಾದದ್ದು ಬಹಳ ಸ್ವಲ್ಪ.

ರಂಗಭೂಮಿಯಿಂದ ಬಂದ ನಿಮ್ಮ ನಿಜವಾದ ಬಲ ತಾಲೀಮಿನಲ್ಲಿದೆ, ಅದನ್ನು ಬಿಡಬೇಡಿ. ಲುಮೆಟ್ ತಮ್ಮ ಚಿತ್ರಗಳಿಗೆ ಚಿತ್ರೀಕರಣಕ್ಕೆ ಮೊದಲು ಸಾಮಾನ್ಯವಾಗಿ ಎರಡು ವಾರ ತಾಲೀಮು ನಡೆಸುತ್ತಿದ್ದರು. ನೆಲದ ಮೇಲೆ ಟೇಪು ಅಂಟಿಸಿ ಕೋಣೆಗಳ ಅಳತೆಯನ್ನು ಗುರುತು ಮಾಡಿ ನಡೆಸಿದರೆ ಸೆಟ್ಟಿನಲ್ಲಿ ಉಳಿಯುವ ಹೊತ್ತೇ ಆ ಎರಡು ವಾರವನ್ನು ತೀರಿಸುತ್ತದೆ.

ಪ್ರಶ್ನೆ: ನನ್ನ ಚಿತ್ರದ ರಫ್ ಕಟ್ (ಮೊದಲ ಒರಟು ಸಂಕಲನ) ಎರಡು ಗಂಟೆ ನಲವತ್ತು ನಿಮಿಷ ಇದೆ. ನೋಡಿದವರೆಲ್ಲ ನಿಧಾನ ಎನ್ನುತ್ತಾರೆ. ಆದರೆ ಯಾವ ದೃಶ್ಯವನ್ನು ತೆಗೆಯಲು ಹೋದರೂ ಮನಸ್ಸು ಬರುವುದಿಲ್ಲ. ಏನು ಮಾಡಲಿ?

ಉತ್ತರ: ಮನಸ್ಸು ಬಾರದಿರುವುದು ಸಹಜ. ಒಂದೊಂದು ಶಾಟ್ ಪಡೆಯಲು ಪಟ್ಟ ಪಾಡು ನಿಮಗೆ ಗೊತ್ತಿದೆ. ನೋಡುಗರಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. 1979ರ ‘ಅಪೋಕ್ಯಾಲಿಪ್ಸ್ ನೌ’ ಚಿತ್ರಕ್ಕಾಗಿ ತೆಗೆದ ಫಿಲ್ಮು 12 ಲಕ್ಷ 50 ಸಾವಿರ ಅಡಿ, ಎಂದರೆ 230 ಗಂಟೆಗೂ ಹೆಚ್ಚು. ಚಿತ್ರವಾಗಿ ಉಳಿದದ್ದು ಎರಡೂವರೆ ಗಂಟೆಗೂ ಕಡಿಮೆ. ಇಟ್ಟುಕೊಂಡ ಒಂದೊಂದು ನಿಮಿಷಕ್ಕೆ ಸುಮಾರು 95 ನಿಮಿಷ ಬಿಟ್ಟದ್ದು. ಅದರ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್, ಒಂದು ಕಟ್ ಸರಿಯೇ ಎಂದು ತೂಗಿ ನೋಡಲು ಆರು ಅಂಶಗಳನ್ನು ಹೇಳುತ್ತಾರೆ. ಆ ಕ್ಷಣದ ಭಾವಕ್ಕೆ ಅವರು ಕೊಟ್ಟ ತೂಕ ನೂರಕ್ಕೆ 51, ಕಥೆಗೆ 23, ಲಯಕ್ಕೆ 10. ನೋಡುಗರ ಕಣ್ಣು ತೆರೆಯ ಯಾವ ಮೂಲೆಯಲ್ಲಿದೆ ಎಂಬುದಕ್ಕೆ 7, ಉಳಿದ ಅಲ್ಪ ಪಾಲು ಕಂಟಿನ್ಯುಟಿಗೆ, ಎಂದರೆ ಒಂದು ಶಾಟ್ ಇನ್ನೊಂದಕ್ಕೆ ಹೊಂದಿಕೊಳ್ಳುವುದಕ್ಕೆ, ಸಂಬಂಧಿಸಿದ ಎರಡು ಅಂಶಗಳಿಗೆ. ಮೊದಲನೆಯದಕ್ಕೆ ಉಳಿದೆಲ್ಲವನ್ನೂ ಸೇರಿಸಿದ್ದಕ್ಕಿಂತ ಹೆಚ್ಚು ತೂಕವಿರುವುದನ್ನು ಗಮನಿಸಿ. ಗ್ಲಾಸು ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ತಲೆ ಕೆಡಿಸಿಕೊಂಡು ಒಳ್ಳೆಯ ಟೇಕನ್ನು ಬಿಸಾಡುವವರು ಈ ಲೆಕ್ಕವನ್ನು ಸಂಕಲನದ ಕೋಣೆಯ ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಇನ್ನು ‘ನಿಧಾನ’ ಎಂಬ ದೂರು. ನನ್ನ ಅನುಭವದಲ್ಲಿ ಚಿತ್ರ ನಿಧಾನವೆನಿಸುವುದಕ್ಕೆ ಶಾಟುಗಳ ಉದ್ದ ಕಾರಣವಾಗುವುದು ಕಡಿಮೆ. ಒಂದೇ ವಿಷಯವನ್ನು ಎರಡು ಸಲ ತಿಳಿಸಿರುವುದೇ ಕಾರಣವಾಗುವುದು ಹೆಚ್ಚು. ನಾನು ಮೊದಲು ಹೇಳಿದ ಪಟ್ಟಿಯನ್ನು ಈಗ ಮತ್ತೆ ತೆಗೆಯಿರಿ. ಪ್ರತಿ ದೃಶ್ಯದ ಮುಂದೆ, ಇದನ್ನು ನೋಡುವ ಮೊದಲು ನೋಡುಗರಿಗೆ ಗೊತ್ತಿರದ ಯಾವ ಸಂಗತಿ ಇಲ್ಲಿ ತಿಳಿಯಿತು ಎಂದು ಬರೆಯಿರಿ. ಏನನ್ನೂ ಬರೆಯಲಾಗದ ದೃಶ್ಯಗಳು ಮೂರು ನಾಲ್ಕಾದರೂ ಸಿಗುತ್ತವೆ. ಅವುಗಳಲ್ಲಿ ಒಂದು ನಿಮಗೆ ತುಂಬಾ ಇಷ್ಟವಾದ ದೃಶ್ಯವಾಗಿರುತ್ತದೆ. ಅದನ್ನು ತೆಗೆದು, ಎರಡು ದಿನ ಬಿಟ್ಟು, ಇಡೀ ಚಿತ್ರವನ್ನು ನಿಲ್ಲಿಸದೆ ನೋಡಿ.

ಎಷ್ಟು ಸಣ್ಣ ಅಳತೆಯಲ್ಲಿ ಈ ಕೆಲಸ ನಡೆಯುತ್ತದೆ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆ ಇದೆ. ಪೋಲೆಂಡಿನ ಕ್ರಿಸ್ಟಾಫ್ ಕಿಶ್ಲಾವ್‌ಸ್ಕಿ 1993ರ ‘ಥ್ರೀ ಕಲರ್ಸ್: ಬ್ಲೂ’ ಚಿತ್ರದಲ್ಲಿ, ಗಂಡನನ್ನೂ ಮಗಳನ್ನೂ ಕಳೆದುಕೊಂಡ ನಾಯಕಿ ಒಂದು ಸಕ್ಕರೆ ತುಂಡನ್ನು ಕಾಫಿಗೆ ತಾಗಿಸಿ ಹಿಡಿದಿರುವುದನ್ನು ಬಹಳ ಹತ್ತಿರದಿಂದ ತೋರಿಸುತ್ತಾರೆ. ಬಿಳಿಯ ತುಂಡಿನೊಳಗೆ ಕಂದು ಬಣ್ಣ ಮೆಲ್ಲಗೆ ಏರುತ್ತದೆ. ಅವಳಿಗೆ ಆ ಹೊತ್ತಿನಲ್ಲಿ ಹೊರಗಿನ ಯಾವುದೂ ಬೇಡ, ಯಾರೂ ಬೇಡ ಎಂಬುದನ್ನು ಆ ಶಾಟ್ ಹೇಳಬೇಕಾಗಿತ್ತು. ಸಕ್ಕರೆ ತುಂಡು ತೊಯ್ಯಲು ಎಂಟು ಸೆಕೆಂಡು ಹಿಡಿದರೆ ನೋಡುಗರ ಗಮನ ಚದುರುತ್ತದೆ, ಐದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು ಎಂದು ಲೆಕ್ಕ ಹಾಕಿ, ಅಷ್ಟು ಹೊತ್ತಿಗೆ ತೊಯ್ಯುವ ಸಕ್ಕರೆಯನ್ನು ಸಹಾಯಕರಿಂದ ಹುಡುಕಿಸಿದ್ದನ್ನು ಅವರೇ ವಿವರಿಸಿದ್ದಾರೆ. ನಿಮ್ಮ ಎರಡು ಗಂಟೆ ನಲವತ್ತು ನಿಮಿಷದೊಳಗೆ ಇಂಥ ಮೂರು ಸೆಕೆಂಡುಗಳು ಎಷ್ಟಿವೆ ಎಂದು ಹುಡುಕಿ.

ಪ್ರಶ್ನೆ: ಕಡಿಮೆ ಹಣದ ಚಿತ್ರಕ್ಕೆ ಧ್ವನಿಯ ವಿಷಯದಲ್ಲಿ ಏನನ್ನು ಗಮನಿಸಬೇಕು?

ಉತ್ತರ: ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹಣ ಸ್ವಲ್ಪವೇ ಇದ್ದರೆ ಒಳ್ಳೆಯ ಮೈಕಿಗೂ ಅದನ್ನು ಹಿಡಿಯಬಲ್ಲವರಿಗೂ ಮೊದಲು ಎತ್ತಿಡಿ. ಪ್ರತಿ ಜಾಗದಲ್ಲೂ ಚಿತ್ರೀಕರಣ ಮುಗಿಸಿ ಹೊರಡುವ ಮೊದಲು ಎಲ್ಲರನ್ನೂ ಅಲುಗದಂತೆ ನಿಲ್ಲಿಸಿ, ಆ ಕೋಣೆಯ ಬರಿಯ ಮೌನವನ್ನು ಒಂದು ನಿಮಿಷ ಧ್ವನಿಮುದ್ರಿಸಿಕೊಳ್ಳಿ. ಮೌನಕ್ಕೂ ಕೋಣೆಯಿಂದ ಕೋಣೆಗೆ ಬೇರೆ ಬೇರೆ ಸದ್ದಿದೆ. ಮಾತುಗಳ ನಡುವಿನ ಬಿರುಕುಗಳನ್ನು ತುಂಬಲು ಸಂಕಲನಕಾರರಿಗೆ ಅದು ಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಧ್ವನಿಯನ್ನು ಚಿತ್ರಕಥೆಯಲ್ಲೇ ಬರೆಯುವುದು. 1931ರಲ್ಲಿ, ಮಾತಿನ ಚಿತ್ರಗಳು ಇನ್ನೂ ಹೊಸದಾಗಿದ್ದಾಗ, ಫ್ರಿಟ್ಸ್ ಲಾಂಗ್ ‘ಎಂ’ ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವ ಕೊಲೆಗಾರನಿಗೆ ಒಂದು ಸಿಳ್ಳೆಯನ್ನು ಕೊಟ್ಟರು. ಮುಖ ಕಾಣುವ ಮೊದಲೇ ಸಿಳ್ಳೆ ಕೇಳುತ್ತದೆ. ಕೊನೆಗೆ ಅವನನ್ನು ಗುರುತು ಹಿಡಿಯುವವನು ಬಲೂನು ಮಾರುವ ಒಬ್ಬ ಕುರುಡ. ಸಿಳ್ಳೆ ಕೇಳಿದೊಡನೆ ಕೊಲೆಗಾರ ಹತ್ತಿರದಲ್ಲಿದ್ದಾನೆ ಎಂಬುದು ನೋಡುಗರಿಗೆ ತಿಳಿಯುತ್ತದೆ, ತೆರೆಯ ಮೇಲಿನ ಮಗುವಿಗೆ ತಿಳಿಯುವುದಿಲ್ಲ. ಮೇಜಿನ ಕೆಳಗಿನ ಬಾಂಬನ್ನು ಲಾಂಗ್ ಕಿವಿಯಲ್ಲಿ ಇಟ್ಟಿದ್ದರು. ಇದಕ್ಕೆ ಹೆಚ್ಚು ಹಣವೇನೂ ಬೇಡ: ನಟನಿಗೆ ಸಿಳ್ಳೆ ಹಾಕಲು ಬಾರದ್ದರಿಂದ ಲಾಂಗ್ ತಾವೇ ಹಾಕಿದರು.

ಪ್ರಶ್ನೆ: ಸ್ಟೋರಿಬೋರ್ಡ್ ಬರೆಯುವುದು, ಎಂದರೆ ಶಾಟುಗಳನ್ನು ಮೊದಲೇ ಚಿತ್ರಗಳಲ್ಲಿ ಬಿಡಿಸಿಟ್ಟುಕೊಳ್ಳುವುದು, ಕಡ್ಡಾಯವೇ? ನನಗೆ ಚಿತ್ರ ಬಿಡಿಸಲು ಬರುವುದಿಲ್ಲ.

ಉತ್ತರ: ಕಡ್ಡಾಯವಲ್ಲ. ಸತ್ಯಜಿತ್ ರಾಯ್ ಅವರ ಕೈ ಚಿತ್ರಕಾರನ ಕೈ, ಅವರು ತಮ್ಮ ಮೊದಲ ಚಿತ್ರವನ್ನು ರೇಖಾಚಿತ್ರಗಳಲ್ಲೇ ಯೋಚಿಸಿದರು. ನೀವು ಕಡ್ಡಿಗೆರೆಯ ಗೊಂಬೆಗಳನ್ನು ಬರೆದುಕೊಂಡರೂ ಸಾಕು, ಅಥವಾ ಶಾಟುಗಳನ್ನು ವಾಕ್ಯಗಳಲ್ಲಿ ಬರೆದುಕೊಳ್ಳಿ. ಯಾರು ಯಾವ ಕಡೆಗೆ ನೋಡುತ್ತಿದ್ದಾರೆ ಎಂಬುದೊಂದನ್ನು ಮಾತ್ರ ಬಾಣದ ಗುರುತಿನಿಂದ ತೋರಿಸಿಕೊಳ್ಳುವುದನ್ನು ಮರೆಯಬೇಡಿ. ಅದು ತಪ್ಪಿದರೆ ಎದುರುಬದುರು ಕುಳಿತವರು ತೆರೆಯ ಮೇಲೆ ಒಂದೇ ಕಡೆಗೆ ಮುಖ ಮಾಡಿದಂತೆ ಕಾಣುತ್ತಾರೆ.

ಪ್ರಶ್ನೆ: ಚಲನಚಿತ್ರ ಶಾಲೆಗೆ ಹೋಗುವ ಅನುಕೂಲ ನನಗಿಲ್ಲ. ಹಗಲು ಕೆಲಸಕ್ಕೆ ಹೋಗುತ್ತೇನೆ. ರಾತ್ರಿಯ ಒಂದು ಗಂಟೆಯಲ್ಲಿ ನಿರ್ದೇಶನವನ್ನು ಕಲಿಯಲು ಸಾಧ್ಯವೇ?

ಉತ್ತರ: ಆ ಒಂದು ಗಂಟೆಯನ್ನು ಹೊಸ ಹೊಸ ಚಿತ್ರಗಳನ್ನು ನೋಡಲು ಕಳೆಯದಿದ್ದರೆ ಸಾಧ್ಯ. ನಿಮಗೆ ಚೆನ್ನಾಗಿ ಗೊತ್ತಿರುವ, ಮೆಚ್ಚಿದ ಒಂದೇ ಚಿತ್ರವನ್ನು ಆರಿಸಿಕೊಳ್ಳಿ. ಅದರಲ್ಲಿ ಐದು ನಿಮಿಷದ ಒಂದು ದೃಶ್ಯವನ್ನು ಗುರುತಿಸಿ. ಮೊದಲ ದಿನ ಧ್ವನಿಯನ್ನು ಪೂರ್ತಿ ಆರಿಸಿ ನೋಡಿ. ಮಾತಿಲ್ಲದೆ ಏನೇನು ಅರ್ಥವಾಯಿತು ಎಂದು ಬರೆಯಿರಿ. ಎರಡನೆಯ ದಿನ ಕಣ್ಣು ಮುಚ್ಚಿಕೊಂಡು ಕೇಳಿ. ಮೂರನೆಯ ದಿನದಿಂದ ಪ್ರತಿ ಕಟ್‌ಗೂ ನಿಲ್ಲಿಸಿ ಶಾಟುಗಳನ್ನು ಎಣಿಸಿ, ಒಂದೊಂದರ ಉದ್ದವನ್ನು ಸೆಕೆಂಡುಗಳಲ್ಲಿ ಬರೆಯಿರಿ, ಕ್ಯಾಮೆರಾ ಎಷ್ಟು ದೂರದಲ್ಲಿ, ಯಾವ ಎತ್ತರದಲ್ಲಿದೆ ಎಂದು ಪಕ್ಕದಲ್ಲಿ ಗುರುತು ಮಾಡಿ. ಇದಕ್ಕೆ ಒಂದು ವಾರ ಬೇಕಾದೀತು. ಬೇಸರವಾಗುತ್ತದೆ, ಬಿಡಬೇಡಿ, ನನಗೆ ಯಾರೂ ಹೇಳಿಕೊಡದ ಬಹಳಷ್ಟು ಸಂಗತಿಗಳನ್ನು ಹೇಳಿಕೊಟ್ಟದ್ದು ಇಂಥ ನೋಟುಬುಕ್ಕುಗಳು.

ಆಮೇಲೆ ಅದೇ ದೃಶ್ಯವನ್ನು, ಅಷ್ಟೇ ಶಾಟುಗಳಲ್ಲಿ, ಮನೆಯವರನ್ನೋ ಗೆಳೆಯರನ್ನೋ ನಿಲ್ಲಿಸಿ ಮೊಬೈಲಿನಲ್ಲಿ ತೆಗೆಯಿರಿ. ತೆಗೆದದ್ದನ್ನು ಮೂಲದ ಪಕ್ಕದಲ್ಲಿಟ್ಟು ನೋಡಿದಾಗ ಎಲ್ಲಿ ನಿಮ್ಮದು ಸಡಿಲವಾಗಿದೆ ಎಂಬುದು ತಾನಾಗಿ ಕಾಣುತ್ತದೆ. ಆ ಜಾಗವನ್ನು ವಿವರಿಸಿ, ನೋಡುಗರಿಗೆ ಅಲ್ಲಿ ಏನು ತಿಳಿಯಬೇಕೆಂದು ನೀವು ಬಯಸಿದ್ದಿರಿ ಎಂಬುದನ್ನೂ ಸೇರಿಸಿ ಈ ಅಂಕಣಕ್ಕೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಲ್ಲಿಂದಲೇ ಮುಂದುವರಿಸುತ್ತೇನೆ.